ಮೇಣದೊಳಗೆ ಉಳಿದ ಸಾಕ್ಷಿ

ಕೊರಳಿನ ಮುಂಭಾಗದಲ್ಲಿ ಒಂದು ಗಂಟು. ಗುಟುಕು ನೀರು ನುಂಗಿದರೆ ಅದು ಮೇಲೇರಿ ಕೆಳಗಿಳಿಯುತ್ತದೆ. ಹಾಗಿದ್ದರೆ ಅದು ಬಹುಮಟ್ಟಿಗೆ ಥೈರಾಯ್ಡ್ ಗ್ರಂಥಿಯದೇ. ಚಿಟ್ಟೆಯಾಕಾರದ, ಸುಮಾರು 20 ಗ್ರಾಂ ತೂಕದ ಈ ಗ್ರಂಥಿ ಶ್ವಾಸನಾಳಕ್ಕೆ ಅಂಟಿಕೊಂಡಿರುವುದರಿಂದ ನುಂಗುವಾಗ ಗಂಟಲಿನೊಡನೆ ತಾನೂ ಸರಿಯುತ್ತದೆ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಳ್ಳಿಗಳಲ್ಲಾಗಲಿ, ನಾಡಿನ ಬೇರೆ ಯಾವ ಮೂಲೆಯಲ್ಲಾಗಲಿ, ಇಂಥ ಗಂಟನ್ನು ಸೆರಗಿನ ಮರೆಯಲ್ಲಿ ವರ್ಷಗಟ್ಟಲೆ ಇಟ್ಟುಕೊಂಡಿರುವ ಹೆಣ್ಣುಮಕ್ಕಳಿಗೆ ಕೊರತೆಯಿಲ್ಲ. ನೋವಿಲ್ಲವಲ್ಲ ಎಂಬುದು ಒಂದು ಸಮಾಧಾನ. ಟಿ3, ಟಿ4, ಟಿಎಸ್ಎಚ್ ರಕ್ತಪರೀಕ್ಷೆ ಸರಿಯಾಗಿ ಬಂದಿದೆಯಲ್ಲ ಎಂಬುದು ಇನ್ನೊಂದು. ಎರಡೂ ಪೊಳ್ಳು ಸಮಾಧಾನಗಳು. ಥೈರಾಯ್ಡ್ ಕ್ಯಾನ್ಸರ್ ಸಾಮಾನ್ಯವಾಗಿ ನೋಯುವುದೇ ಇಲ್ಲ. ಆ ರಕ್ತಪರೀಕ್ಷೆಗಳೂ ಗ್ರಂಥಿ ಎಷ್ಟು ಕೆಲಸ ಮಾಡುತ್ತಿದೆ ಎಂಬುದನ್ನು ಹೇಳುತ್ತವೆಯೇ ಹೊರತು ಅದರೊಳಗೆ ಏನು ಬೆಳೆಯುತ್ತಿದೆ ಎಂಬುದನ್ನಲ್ಲ. ಹಾಗೆಂದು ಗಂಟೆಲ್ಲ ಕ್ಯಾನ್ಸರೂ ಅಲ್ಲ. ನೂರು ಗಂಟುಗಳಲ್ಲಿ ತೊಂಬತ್ತರಷ್ಟು ನಿರಪಾಯಕಾರಿಯಾದವು.

ಉಳಿದ ಹತ್ತರಲ್ಲಿ ಒಂದು ತಮ್ಮ ಮನೆಯದಾದಾಗ ಏನಾಗುತ್ತದೆ? ಶಸ್ತ್ರಚಿಕಿತ್ಸೆ ನಡೆಯುತ್ತದೆ. ಕೆಲವು ದಿನಗಳ ನಂತರ ಪ್ರಯೋಗಾಲಯದಿಂದ ಒಂದು ವರದಿ ಬರುತ್ತದೆ. ಅದನ್ನು ಓದಿ ಹೇಳುವ ಹೊಣೆ ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡ ಮಗಳಿಗೋ ಮಗನಿಗೋ ಬೀಳುತ್ತದೆ. 'ಥೈರೋಗ್ಲೋಬ್ಯುಲಿನ್ ಪಾಸಿಟಿವ್, ಟಿಟಿಎಫ್-1 ಪಾಸಿಟಿವ್, ಕ್ಯಾಲ್ಸಿಟೋನಿನ್ ನೆಗೆಟಿವ್, ಕೆಐ-67 ಶೇಕಡಾ 2' ಎಂಬಂಥ ಸಾಲು ಕೆಲವು ವರದಿಗಳಲ್ಲಿರುತ್ತದೆ. 2020ರಲ್ಲಿ ಕೊರೊನಾ ಬಂದಾಗ ಪಾಸಿಟಿವ್ ಎಂಬ ಮಾತು ಊರಿಗೆಲ್ಲ ಪರಿಚಯವಾಯಿತು: ಪಾಸಿಟಿವ್ ಎಂದರೆ ಕೆಟ್ಟದ್ದು, ನೆಗೆಟಿವ್ ಎಂದರೆ ಒಳ್ಳೆಯದು. ಅದೇ ಅಳತೆಗೋಲನ್ನು ಇಲ್ಲಿಗೂ ತಂದರೆ ಮನೆಮಂದಿ ವೃಥಾ ಗಾಬರಿಯಾಗಬೇಕಾಗುತ್ತದೆ. ಮೇಲಿನ ಸಾಲಿನ ಎರಡು ಪಾಸಿಟಿವ್‌ಗಳೂ ಸಮಾಧಾನದ ಸುದ್ದಿಗಳೇ.

ಕಾರಣ ತಿಳಿಯಬೇಕಾದರೆ ಜೀವಕೋಶದ ಕಸುಬನ್ನು ನೋಡಬೇಕು. ದೇಹದ ಎಲ್ಲ ಕೋಶಗಳಲ್ಲೂ ಒಂದೇ ಜೀನುಗಳ ಗ್ರಂಥವಿದ್ದರೂ ಪ್ರತಿ ಕೋಶವೂ ತನಗೆ ಬೇಕಾದ ಪುಟಗಳನ್ನಷ್ಟೇ ತೆರೆದು ಓದುತ್ತದೆ. ಥೈರಾಯ್ಡಿನ ಕೋಶ ಓದಿ ತಯಾರಿಸುವ ಮುಖ್ಯ ಪ್ರೋಟೀನ್ ಥೈರೋಗ್ಲೋಬ್ಯುಲಿನ್. ಉಪ್ಪಿನಿಂದ ಬಂದ ಅಯೋಡಿನ್ ಸೇರಿಕೊಂಡು ಹಾರ್ಮೋನ್ ಸಿದ್ಧವಾಗುವುದು ಇದರ ಮೇಲೆಯೇ. ಈ ಪ್ರೋಟೀನನ್ನು ಮೆದುಳಾಗಲಿ ಯಕೃತ್ತಾಗಲಿ ಮಾಡಲಾರದು. ನೇಕಾರನೊಬ್ಬ ಮಗ್ಗ ಬಿಟ್ಟು ಪರವೂರು ಸೇರಿ ದಾರಿ ತಪ್ಪಿದರೂ ನೂಲು ಕಂಡಾಗ ಅವನ ಬೆರಳು ತನ್ನಷ್ಟಕ್ಕೆ ಗಂಟು ಹಾಕುತ್ತದಲ್ಲ, ಹಾಗೆ ಕ್ಯಾನ್ಸರ್ ಕೋಶವೂ ದಾರಿ ತಪ್ಪಿದ ಮೇಲೆ ಸ್ವಲ್ಪ ಕಾಲ ಹಳೆಯ ಕಸುಬನ್ನು ಮಾಡುತ್ತಲೇ ಇರುತ್ತದೆ. ಕಸುಬು ನೆನಪಿದ್ದಷ್ಟೂ ಅದು ಸೌಮ್ಯ. ಪೂರ್ತಿ ಮರೆತ ಕೋಶವೇ ಉಗ್ರ. ರೋಗಶಾಸ್ತ್ರಜ್ಞರು ಅಂಗಾಂಶದಲ್ಲಿ ಪ್ರೋಟೀನುಗಳನ್ನು ಹುಡುಕುವುದು ಈ ನೆನಪು ಎಷ್ಟು ಉಳಿದಿದೆ ಎಂದು ನೋಡುವುದಕ್ಕೆ.

ಹುಡುಕುವ ವಿಧಾನ ಸೊಗಸಾಗಿದೆ. ಕತ್ತರಿಸಿ ತೆಗೆದ ಗಂಟನ್ನು ಮೊದಲು ಫಾರ್ಮಲಿನ್ ದ್ರಾವಣದಲ್ಲಿ ಮುಳುಗಿಸುತ್ತಾರೆ. ಬಳಿಕ ಅದರ ತುಂಡುಗಳನ್ನು ಕರಗಿದ ಮೇಣದಲ್ಲಿ ಹುದುಗಿಸಿ ಸಣ್ಣ ಅಚ್ಚು ಮಾಡುತ್ತಾರೆ. ಆ ಅಚ್ಚಿನಿಂದ ಮಿಲಿಮೀಟರಿನ ಸಾವಿರದಲ್ಲಿ ನಾಲ್ಕು ಭಾಗದಷ್ಟು ತೆಳುವಾದ ಪದರ ಹೆರೆದು ಗಾಜಿನ ಪಟ್ಟಿಯ ಮೇಲೆ ಹರಡುತ್ತಾರೆ. ಸಾಮಾನ್ಯ ಪರೀಕ್ಷೆಗೆ ಇದಕ್ಕೆ ಹಾಕುವ ನೀಲಿ ಬಣ್ಣ ಹಿಮಟಾಕ್ಸಿಲಿನ್. ಮಧ್ಯ ಅಮೆರಿಕದ ಒಂದು ಮರದ ತಿರುಳಿನಿಂದ ತೆಗೆಯುವ ಬಣ್ಣ ಅದು. ಥೈರಾಯ್ಡ್ ಕ್ಯಾನ್ಸರುಗಳಲ್ಲಿ ಹೆಚ್ಚಿನವನ್ನು ಅನುಭವಿಯಾದ ಕಣ್ಣು ಈ ಬಣ್ಣದಲ್ಲಿಯೇ ಗುರುತಿಸುತ್ತದೆ. ಆದ್ದರಿಂದ ವರದಿಯಲ್ಲಿ ಪ್ರೋಟೀನುಗಳ ಹೆಸರೇ ಇಲ್ಲದಿದ್ದರೆ ಅದು ಅರೆಬರೆ ವರದಿಯೆಂದು ತಿಳಿಯಬೇಕಾಗಿಲ್ಲ.

ಕಣ್ಣಿಗೆ ಸಂದೇಹ ಬಂದಾಗ ಪ್ರತಿಕಾಯಗಳನ್ನು ಕರೆಯುತ್ತಾರೆ. ದೇಹಕ್ಕೆ ಹೊರಗಿನ ವಸ್ತು ನುಗ್ಗಿದಾಗ ಅದನ್ನೇ ಹುಡುಕಿ ಹಿಡಿಯುವ ಪ್ರತಿಕಾಯಗಳು ರಕ್ತದಲ್ಲಿ ತಯಾರಾಗುತ್ತವೆಂಬುದು ಶಾಲೆಯ ಪಾಠದಲ್ಲೇ ಇದೆ. ಒಂದು ಬೀಗಕ್ಕೆ ಒಂದೇ ಕೀಲಿ. ಈ ಕೀಲಿಗೆ ಬಣ್ಣ ಕಟ್ಟಿ ಬಿಟ್ಟರೆ ಬೀಗ ಎಲ್ಲಿದೆ ಎಂದು ಕಾಣಬಹುದಲ್ಲವೇ ಎಂದು ಯೋಚಿಸಿದವರು ಅಮೆರಿಕದ ಆಲ್ಬರ್ಟ್ ಕೂನ್ಸ್. 1941ರಲ್ಲಿ ಅವರು ಹೊಳೆಯುವ ಬಣ್ಣ ಕಟ್ಟಿದ ಪ್ರತಿಕಾಯಗಳಿಂದ ಅದನ್ನು ಸಾಧಿಸಿ ತೋರಿಸಿದರು. 1975ರಲ್ಲಿ ಕೇಂಬ್ರಿಜ್‌ನಲ್ಲಿ ಜಾರ್ಜ್ ಕೋಹ್ಲರ್ ಮತ್ತು ಸೀಸರ್ ಮಿಲ್‌ಸ್ಟೈನ್ ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ಉಪಾಯ ಕಂಡುಹಿಡಿದರು. ಅದಕ್ಕೆ 1984ರಲ್ಲಿ ನೊಬೆಲ್ ಬಂತು. ಇಂದು ಬಳಸುವ ವಿಧಾನದಲ್ಲಿ ಪ್ರತಿಕಾಯದ ಜೊತೆ ಒಂದು ಕಿಣ್ವವನ್ನು ಜೋಡಿಸಿರುತ್ತಾರೆ. ಹುಡುಕುವ ಪ್ರೋಟೀನ್ ಇದ್ದಲ್ಲಿ ಪ್ರತಿಕಾಯ ಕಚ್ಚಿಕೊಳ್ಳುತ್ತದೆ. ಮೇಲೆ ಹಾಕಿದ ರಾಸಾಯನಿಕವನ್ನು ಕಿಣ್ವ ಕಂದು ಬಣ್ಣಕ್ಕೆ ತಿರುಗಿಸುತ್ತದೆ. ನೀಲಿ ಬಯಲಿನಲ್ಲಿ ಕಂದು ಕಂಡರೆ ಪಾಸಿಟಿವ್, ಕಾಣದಿದ್ದರೆ ನೆಗೆಟಿವ್. ಆ ಮಾತಿಗೆ ಇಲ್ಲಿ ಇಷ್ಟೇ ಅರ್ಥ. ಒಳ್ಳೆಯದೋ ಕೆಟ್ಟದೋ ಎಂಬುದು ಹುಡುಕಿದ ಪ್ರೋಟೀನ್ ಯಾವುದು ಎಂಬುದರ ಮೇಲೆ ನಿಂತಿದೆ.

ಈ ಕಂದು ಬಣ್ಣದ ಯೋಗ್ಯತೆ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿಯೇ ಅರ್ಧ ನಿರ್ಧಾರವಾಗಿಬಿಡುತ್ತದೆ. ತಾಲ್ಲೂಕು ಪಟ್ಟಣದಲ್ಲಿ ತೆಗೆದ ಗಂಟು ಜಿಲ್ಲಾ ಕೇಂದ್ರದ ಪ್ರಯೋಗಾಲಯ ಸೇರಲು ಬಸ್ಸಿನಲ್ಲಿ ಒಂದೆರಡು ತಾಸು ಬೇಕು, ಒಮ್ಮೊಮ್ಮೆ ಮಾರನೆಯ ದಿನವೇ ಆಗಬಹುದು. ತೆಗೆದ ಕೂಡಲೇ, ಗಂಟಿನ ಹತ್ತು ಪಟ್ಟಾದರೂ ಫಾರ್ಮಲಿನ್ ಇರುವ ಅಗಲ ಬಾಯಿಯ ಡಬ್ಬಿಯಲ್ಲಿ ಹಾಕಿದ್ದರೆ ಈ ಪಯಣದಿಂದ ಹಾನಿಯಿಲ್ಲ. ಬರಿಯ ಸಲೈನ್ ನೀರಿನಲ್ಲಿ ಹಾಕಿ ಕಳಿಸಿದರೆ ಅಂಗಾಂಶ ದಾರಿಯಲ್ಲಿಯೇ ಕೊಳೆಯತೊಡಗುತ್ತದೆ. ಆಮೇಲೆ ಬಂದ ನೆಗೆಟಿವ್ ನಿಜವಾದ ನೆಗೆಟಿವೋ, ಪ್ರೋಟೀನ್ ಕೆಟ್ಟುಹೋಗಿ ಬಂದದ್ದೋ ಎಂದು ಯಾವ ತಜ್ಞರೂ ಖಚಿತವಾಗಿ ಹೇಳಲಾರರು. ಡಬ್ಬಿ ಒಯ್ಯುವವರು ಬಹಳ ಸಲ ಮನೆಯವರೇ ಆಗಿರುವುದರಿಂದ, ಅದರಲ್ಲಿರುವುದು ಫಾರ್ಮಲಿನ್ನೇ ತಾನೆ ಎಂದು ಒಂದು ಮಾತು ಕೇಳುವುದರಲ್ಲಿ ತಪ್ಪಿಲ್ಲ.

ಥೈರಾಯ್ಡ್ ಕ್ಯಾನ್ಸರಿನಲ್ಲಿ ಮುಖ್ಯವಾಗಿ ನಾಲ್ಕು ಬಗೆ. ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ಪ್ಯಾಪಿಲರಿ ಬಗೆಯವು. ಥೈರೋಗ್ಲೋಬ್ಯುಲಿನ್ ಮಾಡುವ ಕಸುಬನ್ನು ಮರೆಯದವು ಇವು. ಅಯೋಡಿನ್ನನ್ನೂ ಹೀರಿಕೊಳ್ಳುವುದರಿಂದ ಅಗತ್ಯ ಬಿದ್ದರೆ ವಿಕಿರಣಶೀಲ ಅಯೋಡಿನ್ ಕುಡಿಸಿ ಉಳಿಕೆ ಕೋಶಗಳನ್ನು ಸುಡಬಹುದು. ಹತ್ತು ವರ್ಷಗಳ ನಂತರವೂ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ರೋಗಿಗಳು ಬದುಕಿರುತ್ತಾರೆ. ಎರಡನೆಯದಾದ ಫಾಲಿಕ್ಯುಲರ್ ಬಗೆಯೂ ಕಸುಬು ಬಲ್ಲದ್ದೇ, ಆದರೆ ಅದನ್ನು ಹಿಡಿಯುವುದು ಕಷ್ಟ. ನಿರಪಾಯಕಾರಿ ಗಂಟಿನ ಕೋಶಗಳೂ ಇದರ ಕೋಶಗಳೂ ಒಂದೇ ತೆರನಾಗಿರುತ್ತವೆ. ಗಂಟಿನ ಸುತ್ತಲ ಪೊರೆಯನ್ನೋ ರಕ್ತನಾಳವನ್ನೋ ಕೊರೆದು ಹೊರಬಂದಿದ್ದರೆ ಮಾತ್ರ ಅದು ಕ್ಯಾನ್ಸರ್. ಗ್ಯಾಲೆಕ್ಟಿನ್-3, ಎಚ್‌ಬಿಎಂಇ-1, ಸಿಕೆ-19 ಎಂಬ ಪ್ರೋಟೀನುಗಳು ಸಂದೇಹವನ್ನು ಆ ಕಡೆಗೋ ಈ ಕಡೆಗೋ ಸ್ವಲ್ಪ ವಾಲಿಸುತ್ತವೆ ನಿಜ. ಆದರೆ ಪೊರೆ ಒಡೆದಿದೆಯೇ ಎಂದು ಕಣ್ಣಿನಿಂದಲೇ ನೋಡಬೇಕು. ಸೂಜಿ ಚುಚ್ಚಿ ತೆಗೆದ ನಾಲ್ಕು ಕೋಶಗಳಲ್ಲಿ ಪೊರೆ ಎಲ್ಲಿಂದ ಬರಬೇಕು? ಸೂಜಿ ಪರೀಕ್ಷೆಯ ನಂತರ ವೈದ್ಯರು 'ಶಸ್ತ್ರಚಿಕಿತ್ಸೆ ಮಾಡಿಯೇ ಹೇಳಬೇಕು' ಎಂದರೆ ಅದು ಕೈಲಾಗದ ಮಾತಲ್ಲ.

ಮೂರನೆಯದು ಮೆಡ್ಯುಲರಿ. ಸಂಖ್ಯೆಯಲ್ಲಿ ಸಣ್ಣದು, ನೂರರಲ್ಲಿ ಐದನ್ನು ಮೀರದು. ಆದರೆ ಈ ಬರಹ ಓದುವ ಮನೆಗಳಿಗೆ ಅತಿ ಮುಖ್ಯವಾದದ್ದು ಇದೇ. ಥೈರಾಯ್ಡಿನೊಳಗೆ ಥೈರಾಯ್ಡ್ ಹಾರ್ಮೋನ್ ಮಾಡದ ಸಿ-ಕೋಶಗಳೆಂಬ ಬೇರೊಂದು ಜಾತಿಯ ಕೋಶಗಳಿವೆ. ಬಾಡಿಗೆಗೆ ಬಂದವರಂತೆ ಅಲ್ಲಲ್ಲಿ ಕುಳಿತಿರುತ್ತವೆ. ಇವು ಮಾಡುವುದು ಕ್ಯಾಲ್ಸಿಟೋನಿನ್. ಕೆನಡಾದ ಹೆರಾಲ್ಡ್ ಕಾಪ್ 1960ರ ದಶಕದ ಮೊದಲಲ್ಲಿ ಕಂಡುಹಿಡಿದು ಹೆಸರಿಟ್ಟ ಹಾರ್ಮೋನ್. ಸಿ-ಕೋಶ ಕೆಟ್ಟಾಗ ಹುಟ್ಟುವ ಕ್ಯಾನ್ಸರ್ ಕಂದು ಬಣ್ಣದ ಪರೀಕ್ಷೆಯಲ್ಲಿ ಥೈರೋಗ್ಲೋಬ್ಯುಲಿನ್ ನೆಗೆಟಿವ್, ಕ್ಯಾಲ್ಸಿಟೋನಿನ್ ಪಾಸಿಟಿವ್ ಎಂದು ತೋರಿಸುತ್ತದೆ. ಇದು ಅಯೋಡಿನ್ ಹೀರುವುದಿಲ್ಲ, ಆದ್ದರಿಂದ ಅಯೋಡಿನ್ ಚಿಕಿತ್ಸೆ ಇದಕ್ಕೆ ನಾಟುವುದಿಲ್ಲ. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಇಂಥ ರೋಗಿಗಳಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಕಾಯಿಲೆ ಬಂದಿರುವುದು ವಂಶದಿಂದ. ರೆಟ್ ಎಂಬ ಜೀನಿನ ದೋಷವೇ ಕಾರಣವೆಂದು 1993ರಲ್ಲಿ ತಿಳಿಯಿತು.

ಹತ್ತನೆಯ ತರಗತಿಯ ಮೆಂಡೆಲ್ ಪಾಠ ಇಲ್ಲಿ ಮನೆಯ ಬಾಗಿಲಿಗೇ ಬರುತ್ತದೆ. ರೆಟ್ ದೋಷ ಪ್ರಬಲ ಗುಣ. ತಾಯಿಯಿಂದಲೋ ತಂದೆಯಿಂದಲೋ ದೋಷವಿರುವ ಒಂದೇ ಒಂದು ಪ್ರತಿ ಬಂದರೂ ಸಾಕು. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದದ್ದಕ್ಕೆ ಹೀಗಾಯಿತೆಂದು ಹಳಹಳಿಸುವುದು ಇಲ್ಲಿ ಸಲ್ಲದು. ಸೋದರ ಸಂಬಂಧ ತೊಂದರೆ ಕೊಡುವುದು ಎರಡು ಪ್ರತಿಗಳೂ ಸೇರಬೇಕಾದ ದುರ್ಬಲ ಗುಣಗಳಲ್ಲಿ. ದೋಷವಿರುವ ತಾಯಿಯ ಪ್ರತಿ ಮಗುವಿಗೂ ಅದು ಬರುವ ಸಂಭವ ಎರಡರಲ್ಲಿ ಒಂದು. ನಾಣ್ಯ ಚಿಮ್ಮಿದಂತೆ. ಮೊದಲ ಮಗಳಿಗೆ ಬಂತೆಂದು ಎರಡನೆಯವಳು ಪಾರಾಗುತ್ತಾಳೆಂದೇನೂ ಇಲ್ಲ. ಆದರೆ ಮಕ್ಕಳ ರಕ್ತದ ಒಂದು ಪರೀಕ್ಷೆಯಿಂದ ನಾಣ್ಯ ಹೇಗೆ ಬಿದ್ದಿದೆಯೆಂದು ತಿಳಿಯಬಹುದು. ದೋಷವಿಲ್ಲದ ಮಗು ಆ ಚಿಂತೆಯಿಂದ ಜೀವನಪೂರ್ತಿ ಮುಕ್ತ. ದೋಷವಿರುವ ಮಗುವಿಗೆ ಕ್ಯಾನ್ಸರ್ ಹುಟ್ಟುವ ಮೊದಲೇ ಗ್ರಂಥಿ ತೆಗೆದು, ಮುಂದೆ ದಿನಕ್ಕೊಂದು ಥೈರಾಕ್ಸಿನ್ ಮಾತ್ರೆ ಕೊಟ್ಟರಾಯಿತು. ದೋಷ ಜೀನಿನ ಯಾವ ಜಾಗದಲ್ಲಿದೆ ಎಂಬುದರ ಮೇಲೆ ಈ ಶಸ್ತ್ರಚಿಕಿತ್ಸೆಯ ವಯಸ್ಸನ್ನು ನಿರ್ಧರಿಸುತ್ತಾರೆ. ಅತಿ ಉಗ್ರ ಬಗೆಯಲ್ಲಿ ಮೊದಲ ವರ್ಷದೊಳಗೆ, ಇನ್ನೊಂದು ಬಗೆಯಲ್ಲಿ ಐದು ವರ್ಷ ತುಂಬುವ ಹೊತ್ತಿಗೆ. ಈ ಕುಟುಂಬಗಳಲ್ಲಿ ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಯಲ್ಲೂ ಗಂಟು ಬೆಳೆಯುವುದುಂಟು. ಅದು ತಿಳಿಯದೆ ಅರಿವಳಿಕೆ ಕೊಟ್ಟರೆ ರಕ್ತದೊತ್ತಡ ಒಮ್ಮೆಲೇ ಏರಿ ಪ್ರಾಣಕ್ಕೆ ಅಪಾಯ. ಅದಕ್ಕೇ ಆ ಪರೀಕ್ಷೆ ಮೊದಲು.

ಇಷ್ಟಿದ್ದೂ ಮಗಳ ಮದುವೆಗೆ ತೊಡಕಾದೀತೆಂದು ತಾಯಿಯ ವರದಿಯನ್ನು ಟ್ರಂಕಿನ ತಳಕ್ಕೆ ಸೇರಿಸುವ ಮನೆಗಳುಂಟು. ಮುಚ್ಚಿಟ್ಟ ಆ ಕಾಗದ ಮಗಳದೂ ಹೌದು ಎಂಬುದು ಅವರಿಗೆ ಹೊಳೆದಿರುವುದಿಲ್ಲ. ಬೀಗರಿಗೆ ಹೇಳುವುದು ಬಿಡುವುದು ಮುಂದಿನ ಮಾತು, ಮೊದಲು ಮಗಳಿಗೆ ಹೇಳಬೇಕು.

ನಾಲ್ಕನೆಯದಾದ ಅನಾಪ್ಲಾಸ್ಟಿಕ್ ಬಗೆ ನೂರರಲ್ಲಿ ಒಂದೋ ಎರಡೋ. ಹೆಚ್ಚಾಗಿ ವಯಸ್ಸಾದವರಲ್ಲಿ ಬರುತ್ತದೆ. ಕೊರಳ ಗಂಟು ವಾರಗಳಲ್ಲಿ ದೊಡ್ಡದಾಗುತ್ತದೆ, ಧ್ವನಿ ಬದಲಾಗುತ್ತದೆ, ಉಸಿರು ಕಟ್ಟುತ್ತದೆ. ಕಸುಬು ಪೂರ್ತಿ ಮರೆತ ಕೋಶ ಇದು. ಥೈರೋಗ್ಲೋಬ್ಯುಲಿನ್ ಕಂದು ಕಾಣುವುದೇ ಇಲ್ಲ. ಬದಲಿಗೆ ಪಿ53 ಎಂಬ ಕಾವಲುಗಾರ ಪ್ರೋಟೀನ್ ಕೆಟ್ಟು ಕೋಶಕೇಂದ್ರದಲ್ಲಿ ರಾಶಿ ಬಿದ್ದಿರುವುದು ಅನೇಕ ರೋಗಿಗಳಲ್ಲಿ ಕಾಣುತ್ತದೆ. ಕೆಐ-67 ಶೇಕಡಾ 30ನ್ನು ದಾಟುವುದು ಸಾಮಾನ್ಯ. ಈ ವಿಚಿತ್ರ ಹೆಸರು ಜರ್ಮನಿಯ ಕೀಲ್ ನಗರದ್ದು. ಅಲ್ಲಿ 1983ರಲ್ಲಿ ವರದಿಯಾದ ಪ್ರತಿಕಾಯ ತಟ್ಟೆಯ 67ನೆಯ ಕುಳಿಯಲ್ಲಿತ್ತು, ಅಷ್ಟೆ. ಅದು ಹಿಡಿಯುವ ಪ್ರೋಟೀನ್ ವಿಭಜನೆಗೆ ತೊಡಗಿರುವ ಕೋಶದಲ್ಲಿ ಮಾತ್ರ ಇರುತ್ತದೆ, ವಿಶ್ರಾಂತಿಯಲ್ಲಿರುವ ಕೋಶದಲ್ಲಿರುವುದಿಲ್ಲ. ಶೇಕಡಾ 2 ಎಂದರೆ ನೂರು ಕೋಶಗಳಲ್ಲಿ ಎರಡು ಮಾತ್ರ ಒಡೆದು ಎರಡಾಗುವ ಹಾದಿಯಲ್ಲಿವೆ ಎಂದರ್ಥ. ಒಂದೇ ಅಂಕಿಗೆ ಎಲ್ಲ ಕಡೆಯೂ ಒಂದೇ ಬೆಲೆಯಿಲ್ಲ ಎಂಬುದನ್ನೂ ಗಮನಿಸಬೇಕು. ಮೆಡ್ಯುಲರಿ ಬಗೆಯಲ್ಲಿ ಶೇಕಡಾ 5 ಮುಟ್ಟಿದರೂ ಅದನ್ನು ಉಗ್ರ ದರ್ಜೆಗೆ ಸೇರಿಸಬೇಕೆಂದು 2022ರ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ಹೇಳುತ್ತದೆ.

ಹಾಗಾದರೆ ಒಂದು ಪ್ರೋಟೀನನ್ನು ನೋಡಿ ಒಬ್ಬ ರೋಗಿಯ ಆಯುಷ್ಯ ಹೇಳಬಹುದೇ? ಇದಕ್ಕೆ ಉತ್ತರವಾಗಿ ಒಂದು ಲೆಕ್ಕ ಇದೆ. ಬಿರಾಫ್ ಎಂಬ ಪ್ರೋಟೀನಿನ 600ನೆಯ ಸ್ಥಾನದಲ್ಲಿ ವ್ಯಾಲಿನ್ ಬದಲು ಗ್ಲುಟಾಮಿಕ್ ಆಮ್ಲ ಕುಳಿತರೆ ಕೋಶಕ್ಕೆ 'ಬೆಳೆ, ಬೆಳೆ' ಎಂಬ ಆದೇಶ ನಿಲ್ಲದೆ ಹೋಗುತ್ತಿರುತ್ತದೆ. ಪ್ಯಾಪಿಲರಿ ಕ್ಯಾನ್ಸರುಗಳಲ್ಲಿ ಹೆಚ್ಚುಕಡಿಮೆ ಅರ್ಧದಲ್ಲಿ ಈ ಬದಲಾವಣೆಯಿದೆ. ಇದನ್ನು ಡಿಎನ್ಎ ಪರೀಕ್ಷೆಯಿಂದಲೂ ತಿಳಿಯಬಹುದು, ಬದಲಾದ ಪ್ರೋಟೀನನ್ನಷ್ಟೇ ಹಿಡಿಯುವ ಪ್ರತಿಕಾಯದಿಂದಲೂ ತಿಳಿಯಬಹುದು. 2013ರಲ್ಲಿ ಏಳು ದೇಶಗಳ 1849 ರೋಗಿಗಳ ಅಧ್ಯಯನವೊಂದು ಪ್ರಕಟವಾಯಿತು. ಅದರಲ್ಲಿ ನೋಡಿದ್ದು ಡಿಎನ್ಎ. ಬದಲಾವಣೆ ಇದ್ದ 845 ಮಂದಿಯಲ್ಲಿ 45 ಜನ ಈ ಕಾಯಿಲೆಯಿಂದ ಸತ್ತಿದ್ದರು. ಇಲ್ಲದ 1004 ಮಂದಿಯಲ್ಲಿ ಸತ್ತವರು 11. ಶೇಕಡಾವಾರು ಮಾಡಿದರೆ 5.3 ಮತ್ತು 1.1. ಸುಮಾರು ಐದು ಪಟ್ಟು! ಪತ್ರಿಕೆಯ ತಲೆಬರಹಕ್ಕೆ ಇಷ್ಟೇ ಸಾಕು. ಆದರೆ ಅದೇ ಲೆಕ್ಕವನ್ನು ತಿರುಗಿಸಿ ನೋಡಬೇಕು: ಬದಲಾವಣೆ ಇದ್ದ 845ರಲ್ಲಿ 800 ಮಂದಿ ಅಷ್ಟು ಕಾಲದಲ್ಲಿ ಈ ಕಾಯಿಲೆಗೆ ಬಲಿಯಾಗಲಿಲ್ಲ. ಅಷ್ಟೇ ಅಲ್ಲ, ಕ್ಯಾನ್ಸರ್ ಗ್ರಂಥಿಯ ಹೊರಗೆ ಹಬ್ಬಿತ್ತೇ, ಕೊರಳಿನ ದುಗ್ಧಗ್ರಂಥಿಗಳಿಗೋ ದೂರದ ಅಂಗಗಳಿಗೋ ಹೋಗಿತ್ತೇ ಎಂಬುದನ್ನೆಲ್ಲ ಲೆಕ್ಕಕ್ಕೆ ಸೇರಿಸಿದ ಮೇಲೆ ಬಿರಾಫ್ ಒಂದರ ಪಾತ್ರ ಪ್ರತ್ಯೇಕವಾಗಿ ನಿಲ್ಲಲಿಲ್ಲ. ಸೂಕ್ಷ್ಮದರ್ಶಕದಲ್ಲಿ ವೈದ್ಯರು ಕಂಡದ್ದನ್ನೇ ಪ್ರೋಟೀನ್ ಬಹುಮಟ್ಟಿಗೆ ಇನ್ನೊಮ್ಮೆ ಹೇಳಿತ್ತು.

ಪ್ಯಾಪಿಲರಿ ಮತ್ತು ಫಾಲಿಕ್ಯುಲರ್ ಬಗೆಗಳಲ್ಲಿ ಯಾವ ಪ್ರೋಟೀನಿಗಿಂತಲೂ ಗಟ್ಟಿಯಾಗಿ ಮಾತಾಡುವ ಅಂಕಿಯೊಂದು ಆಧಾರ್ ಚೀಟಿಯಲ್ಲೇ ಇದೆ: ರೋಗಿಯ ವಯಸ್ಸು. 2018ರಿಂದ ಜಾರಿಯಲ್ಲಿರುವ ಹಂತ ನಿರ್ಣಯದ ಪ್ರಕಾರ, 55 ವರ್ಷದೊಳಗಿನವರಲ್ಲಿ ಈ ಕಾಯಿಲೆ ಶ್ವಾಸಕೋಶಕ್ಕೆ ಹೋಗಿದ್ದರೂ ಅದು ಎರಡನೆಯ ಹಂತವನ್ನು ಮೀರಿದ್ದೆಂದು ಪರಿಗಣಿಸುವುದಿಲ್ಲ. ಬೇರೆ ಯಾವ ಕ್ಯಾನ್ಸರಿಗೂ ಈ ರಿಯಾಯಿತಿ ಸಿಗುವುದು ಅಪರೂಪ. ಪೊರೆಯೊಳಗೇ ಇದ್ದು ಎಲ್ಲಿಯೂ ಕೊರೆಯದ ಪ್ಯಾಪಿಲರಿಯ ಒಂದು ಉಪಬಗೆಗಂತೂ 2016ರಲ್ಲಿ ತಜ್ಞರು ಕ್ಯಾನ್ಸರ್ ಎಂಬ ಹೆಸರನ್ನೇ ತೆಗೆದುಹಾಕಿದರು. ಅಂಥ 109 ರೋಗಿಗಳನ್ನು 10ರಿಂದ 26 ವರ್ಷಗಳವರೆಗೆ ಗಮನಿಸಿದಾಗ ಒಬ್ಬರಲ್ಲೂ ಕಾಯಿಲೆ ಮರುಕಳಿಸಿರಲಿಲ್ಲ.

ಸೌಮ್ಯವಾದ ಪ್ಯಾಪಿಲರಿಯಲ್ಲಿ ಅಷ್ಟಾಗಿ ಕೆಲಸಕ್ಕೆ ಬಾರದ ಬಿರಾಫ್ ಉಗ್ರವಾದ ಅನಾಪ್ಲಾಸ್ಟಿಕ್‌ನಲ್ಲಿ ದಾರಿ ತೋರಿಸುತ್ತದೆ. ಆ ಬದಲಾವಣೆ ಇರುವವರಿಗೆ ಡಬ್ರಾಫೆನಿಬ್ ಮತ್ತು ಟ್ರಾಮೆಟಿನಿಬ್ ಎಂಬ ಎರಡು ಮಾತ್ರೆಗಳ ಜೋಡಿಗೆ ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ಸಿಕ್ಕಿತು. ದಿನಗಳನ್ನು ಎಣಿಸಬೇಕಾದ ಕಾಯಿಲೆಯಲ್ಲಿ, ಡಿಎನ್ಎ ಫಲಿತಾಂಶಕ್ಕೆ ಕಾಯುವ ಬದಲು ಕಂದು ಬಣ್ಣದ ಪರೀಕ್ಷೆ ಒಂದೆರಡು ದಿನಗಳಲ್ಲಿ ಸುಳಿವು ಕೊಡಬಲ್ಲದು. ಮಾತ್ರೆಗಳ ಬೆಲೆ ಮಾತ್ರ ಸಾಮಾನ್ಯ ಕುಟುಂಬದ ಎಟುಕಿಗೆ ಮೀರಿದ್ದು.

ವಿಜಯಪುರದಲ್ಲಿ 1984ರ ಅಲ್-ಅಮೀನ್ ಮತ್ತು 1986ರ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜುಗಳಿವೆ. ಇಂಡಿ ಕಡೆಯವರಿಗೆ ಸೊಲ್ಲಾಪುರವೂ ಹತ್ತಿರ. ಎರಡನೆಯ ಅಭಿಪ್ರಾಯ ಬೇಕೆನಿಸಿದರೆ ಹುಬ್ಬಳ್ಳಿಯ ನವನಗರ, ಬೆಂಗಳೂರಿನ ಕಿದ್ವಾಯಿ, ಮುಂಬಯಿಯ ಟಾಟಾ ಆಸ್ಪತ್ರೆಗಳ ಹೆಸರು ಕೇಳಿಬರುತ್ತವೆ. ರೋಗಿಯನ್ನು ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯೆಲ್ಲ ಕೂರಿಸಿಕೊಂಡು ಹೋಗುವ ಮೊದಲು ನೆನಪಿಡಬೇಕಾದದ್ದೊಂದಿದೆ. ಮೇಣದ ಅಚ್ಚು ಒಬ್ಬಂಟಿಯಾಗಿ ಪಯಣಿಸಬಲ್ಲದು. ಮೊದಲ ಪ್ರಯೋಗಾಲಯದಲ್ಲಿ ಅರ್ಜಿ ಕೊಟ್ಟು, ಸಹಿ ಮಾಡಿ, ಅಚ್ಚು ಮತ್ತು ಗಾಜಿನ ಪಟ್ಟಿಗಳನ್ನು ಮನೆಯ ಒಬ್ಬರು ಒಯ್ದು ತೋರಿಸಬಹುದು. ಮೊದಲ ವರದಿಯ ನಕಲು ಜೊತೆಗಿರಬೇಕು. ಅಚ್ಚಿನ ಮೇಲಿನ ಸಂಖ್ಯೆ ವರದಿಯ ಸಂಖ್ಯೆಗೆ ತಾಳೆಯಾಗುತ್ತದೆಯೇ ಎಂದು ಅಲ್ಲಿಯೇ ನೋಡಿಕೊಳ್ಳಬೇಕು. ಸರಿಯಾಗಿ ಇಟ್ಟರೆ ಹತ್ತಾರು ವರ್ಷಗಳ ನಂತರವೂ ಅದರಿಂದ ಹೊಸ ಪದರ ಹೆರೆಯಬಹುದು. ಅಂದು ಇಲ್ಲದ ಪರೀಕ್ಷೆಯನ್ನು ಮುಂದೆ ಮಾಡಬಹುದು. ಆದರೆ ಈ ಮೇಣ ಕರಗುವುದು 56ರಿಂದ 60 ಡಿಗ್ರಿಯಲ್ಲಿ. ಮೇ ತಿಂಗಳ ವಿಜಯಪುರದ ಬಿಸಿಲಿನಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಜೀಪಿನ ಮುಂಭಾಗದಲ್ಲಿ ಅಷ್ಟು ಕಾವು ಏರುವುದಕ್ಕೆ ಹೆಚ್ಚು ಹೊತ್ತು ಬೇಕಾಗಿಲ್ಲ.